ಬೂತಾಯಿ ಮರಿಯ ಮೊದಲ ತುತ್ತು

ಮಲ್ಪೆಯಿಂದ ತಂದ ಬೂತಾಯಿ ಮೀನನ್ನು ಶುಚಿ ಮಾಡುವಾಗ ಕಿತ್ತೆಸೆಯುವ ಕಿವಿರನ್ನು ಒಮ್ಮೆ ನೀರಿನಲ್ಲಿ ಬಿಡಿಸಿ ನೋಡಬೇಕು. ಬಾಚಣಿಗೆಯ ಹಲ್ಲುಗಳಂತೆ ಒತ್ತಾಗಿರುವ ಅದರ ಎಳೆಗಳ ಮೂಲಕವೇ ಬೆಳೆದ ಬೂತಾಯಿಯು ಡಯಾಟಮ್‌ಗಳಂತಹ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುತ್ತದೆ. ಆದರೆ ಇಂತಹ ಮೀನುಗಳ ಲಾರ್ವಾಗಳಿಗೆ, ಅಂದರೆ ಮೊಟ್ಟೆಯೊಡೆದು ಬಂದ ಎಳೆಮರಿಗಳಿಗೆ, ಈ ಜರಡಿ ಇನ್ನೂ ಮೂಡಿರುವುದಿಲ್ಲ. ಅವು ಕಣ್ಣಿಟ್ಟು, ಒಂದೊಂದನ್ನೇ ಹಿಡಿದು ತಿನ್ನುವ ಬೇಟೆಗಾರರು.

ಮೊಟ್ಟೆಯೊಡೆದು ಬಂದ ಮರಿಗೆ ಮೊದಲ ಎರಡು ಮೂರು ದಿನ ಹೊಟ್ಟೆಗಂಟಿದ ಹಳದಿಯ ಚೀಲವೇ ಬುತ್ತಿ. ಅದು ಕರಗುವಷ್ಟರಲ್ಲಿ ಬಾಯಿ ತೆರೆದು, ಕಣ್ಣು ಕಪ್ಪಾಗಿ, ಬೇಟೆ ಆರಂಭವಾಗಬೇಕು. ಮೈಯನ್ನು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿಸಿ, ಕ್ಷಣ ನಿಂತು, ಚಿಮ್ಮಿ ಕಚ್ಚುವುದು ಹೆಚ್ಚಿನ ಲಾರ್ವಾಗಳ ಕ್ರಮ. ನಾಲ್ಕೈದು ಮಿಲಿಮೀಟರ್ ಉದ್ದದ ಜೀವಿಗೆ ನೀರು ಜೋನಿಬೆಲ್ಲದಂತೆ ಅಂಟಾಗಿ ತಡೆಯುವುದರಿಂದ ಆರಂಭದ ಚಿಮ್ಮುಗಳಲ್ಲಿ ಬಹುಪಾಲು ವ್ಯರ್ಥವಾಗುತ್ತವೆ. ಅನ್ನವಿದ್ದೂ ಉಪವಾಸವೆಂದರೆ ಇದೇ.

ಲಾರ್ವಾ ಆಹಾರವನ್ನು ‘ಆಯ್ಕೆ’ ಮಾಡುತ್ತದೆ ಎಂಬ ಮಾತನ್ನು ನಾನು ಸ್ವಲ್ಪ ಎಚ್ಚರದಿಂದಲೇ ಬಳಸುತ್ತೇನೆ. ಬಾಯಿಯ ಅಗಲವೇ ಮೊದಲ ತೀರ್ಪುಗಾರ. ಅದರಲ್ಲಿ ತೂರದ್ದು ಆಹಾರವೇ ಅಲ್ಲ. ಕೋಪೆಪಾಡ್ ಎಂಬ ಸೂಕ್ಷ್ಮ ಕವಚಜೀವಿಯ ಮರಿಗಳಾದ ನಾಪ್ಲಿಯಸ್‌ಗಳು ಹಿಡಿಸುವಷ್ಟು ಸಣ್ಣವು, ಕಡಲಿನಲ್ಲಿ ಹೇರಳ, ನಡುನಡುವೆ ಮಿಸುಕಿ ಕಣ್ಣಿಗೂ ಬೀಳುತ್ತವೆ. ಹಾಗಾಗಿ ಅನೇಕ ಜಾತಿಗಳ ಮೊದಲ ತುತ್ತು ಅವೇ. ಇಷ್ಟಾದರೂ ಜಾತಿಭೇದ ಇದ್ದೇ ಇದೆ: ದೊಡ್ಡ ಬಾಯಿಯ ಟ್ಯೂನಾ ಲಾರ್ವಾಗಳು ಬೇಗನೆ ಇತರ ಮೀನುಗಳ ಮರಿಗಳನ್ನೇ ನುಂಗತೊಡಗುತ್ತವೆ.

ಈ ಮೊದಲ ತುತ್ತು ತಪ್ಪಿದರೆ ಆ ವರ್ಷದ ಮೀನಿನ ಸಂತತಿಯೇ ಕ್ಷೀಣಿಸಬಹುದೆಂದು ನಾರ್ವೆಯ ಮೀನುಗಾರಿಕಾ ವಿಜ್ಞಾನಿ ಯೋಹಾನ್ ಯೋರ್ಟ್ 1914ರಲ್ಲಿ ಸೂಚಿಸಿದ್ದರು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಆಳದ ತಣ್ಣೀರು ಪೋಷಕಾಂಶಗಳನ್ನು ಹೊತ್ತು ಮೇಲೇರುತ್ತದೆ, ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕ ಹೆಚ್ಚುತ್ತದೆ, ಅದನ್ನು ತಿಂದು ಕೋಪೆಪಾಡ್‌ಗಳೂ ಹೆಚ್ಚುತ್ತವೆ. ಬೂತಾಯಿ ಮೊಟ್ಟೆಯಿಡುವುದೂ ಹೆಚ್ಚಾಗಿ ಈ ತಿಂಗಳುಗಳಲ್ಲೇ. ಹಾಗಾಗಿ ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ದಕ್ಕೆಯಲ್ಲಿ ಕಟ್ಟಿಕೊಂಡಿರುವಾಗ ಹೊರಗೆ ಇಂತಹ ಅಸಂಖ್ಯ ಬೇಟೆಗಳು ನಡೆದಿರುತ್ತವೆ.

ಲಾರ್ವಾಗಳು ಏನು ತಿಂದವು ಎಂದು ತಿಳಿಯಲು ಕರುಳು ಬಿಡಿಸಿ ನೋಡುವುದೇ ಹಳೆಯ ವಿಧಾನ. ಆದರೆ ಬೂತಾಯಿ, ಕೊಲ್ಲತರು (ಆಂಚೊವಿ) ವರ್ಗದ ಲಾರ್ವಾಗಳ ಕರುಳು ನೇರ ಕೊಳವೆಯಂತಿದ್ದು, ಬಲೆಗೆ ಸಿಕ್ಕ ಗಾಬರಿಯಲ್ಲಿ ತಿಂದದ್ದನ್ನು ಹೊರಹಾಕಿಬಿಡುತ್ತದೆ. ಮೃದುದೇಹದ ಜೀವಿಗಳು ಗುರುತು ಉಳಿಸದೆ ಜೀರ್ಣವಾದರೆ, ಕೋಪೆಪಾಡ್‌ನ ಕವಚ ಮಾತ್ರ ಉಳಿದು ಲೆಕ್ಕಕ್ಕೆ ಸಿಗುತ್ತದೆ. ಕಣ್ಣನ್ನೇ ನಂಬಿರುವ ಈ ಲಾರ್ವಾಗಳು ರಾತ್ರಿ ಬಹುತೇಕ ಉಣ್ಣುವುದಿಲ್ಲವಾದ್ದರಿಂದ, ಬೆಳಗಿನ ಜಾವ ಎಳೆದ ಬಲೆಯಲ್ಲಿ ಬರಿದಾದ ಕರುಳು ಕಂಡರೆ ಅದನ್ನು ಹಸಿವಿನ ಸಾಕ್ಷಿಯೆಂದು ಬರೆದಿಡಲಾಗದು.