ಸ್ಯಾಂಪ್ಲಿಂಗ್ ಪೀರಿಯಡ್ ಮತ್ತು ನನ್ನ ಥೀಸಿಸ್

ನನ್ನ ಪಿಎಚ್‌ಡಿ ಯಾವುದರ ಮೇಲೆ ಅಂತ ಊರಲ್ಲಿ ಕೇಳಿದರೆ ‘ಗೂಗಲ್ ಥರದ್ದು’ ಅಂದು ಮುಗಿಸುತ್ತೇನೆ. ಇಲ್ಲಿ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ, ಕಾಲೇಜಿನಲ್ಲಿ ನನಗೆ ಪಾಠ ಮಾಡಿದವರೇ ಓದುತ್ತಾರೆ.

ಸರ್ಚ್‌ನಲ್ಲಿ ಪುಟಗಳು ಸಿಗುವುದು ದೊಡ್ಡದಲ್ಲ. ಸಿಕ್ಕ ಸಾವಿರಾರು ಪುಟಗಳಲ್ಲಿ ಯಾವುದನ್ನು ಮೇಲಿಡಬೇಕು ಅನ್ನುವುದೇ ತಲೆನೋವು, ನನ್ನ ಥೀಸಿಸ್ ಇದರ ಮೇಲೇ. 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೊವಾಕಿಮ್ಸ್, ಜನರ ಕ್ಲಿಕ್‌ಗಳಿಂದಲೇ ಮಷಿನ್‌ಗೆ ಈ ಕ್ರಮ ಕಲಿಸಬಹುದು ಎಂದು ತೋರಿಸಿದರು. ಮೊದಲ ಎರಡನ್ನು ಬಿಟ್ಟು ಮೂರನೆಯದನ್ನು ಒತ್ತಿದರೆ, ಆ ಎರಡಕ್ಕಿಂತ ಮೂರನೆಯದೇ ವಾಸಿ ಅಂತ ಲೆಕ್ಕ.

ತೊಂದರೆ ಏನೆಂದರೆ, ಜನ ಮೇಲಿರುವುದನ್ನೇ ಒತ್ತುತ್ತಾರೆ. 2005ರಲ್ಲಿ ಅವರದೇ ತಂಡ ವಿದ್ಯಾರ್ಥಿಗಳನ್ನು ಕೂರಿಸಿ, ಗೂಗಲ್‌ನ ಮೊದಲ ಎರಡು ಫಲಿತಾಂಶಗಳನ್ನು ಗುಟ್ಟಾಗಿ ಅದಲುಬದಲು ಮಾಡಿ ನೋಡಿತು. ಆಗಲೂ ಮೇಲಿನದಕ್ಕೇ ಜಾಸ್ತಿ ಕ್ಲಿಕ್.

ನಮ್ಮ ಕಾಲೇಜ್ ಲೈಬ್ರರಿ ನೆನಪಾಯಿತಾ? ವಾಪಸ್ ಬಂದ ಪುಸ್ತಕಗಳು ಕೌಂಟರ್ ಪಕ್ಕದ ಮೇಜಿನ ಮೇಲೆ ಬಿದ್ದಿರುತ್ತಿದ್ದವು, ನಾವು ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಿದ್ದೆವು, ಆಮೇಲೆ ರಿಜಿಸ್ಟರ್‌ನಲ್ಲಿ ಯಾವುದು ಜಾಸ್ತಿ ಹೋಗಿದೆ ಅಂತ ನೋಡಿ ಮುಂದಿನ ವರ್ಷ ಅದನ್ನೇ ಇನ್ನಷ್ಟು ತರಿಸುತ್ತಿದ್ದರು. ಒಳಗಿನ ಕಪಾಟಿನ ಪುಸ್ತಕಕ್ಕೆ ಓಟೇ ಬೀಳುತ್ತಿರಲಿಲ್ಲ.

ಇದಕ್ಕೆ ಮದ್ದು ಇದ್ದದ್ದು ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ. ಊಟಕ್ಕೆ ಮುಂಚಿನ ಸ್ಯಾಂಪ್ಲಿಂಗ್ (ಕೆಲವರನ್ನಷ್ಟೇ ಆರಿಸಿ ನೋಡಿ ಇಡೀ ಗುಂಪಿನ ಅಂದಾಜು ಮಾಡುವುದು) ಪೀರಿಯಡ್, ಅರ್ಧ ಕ್ಲಾಸಿನ ಗಮನ ಡಬ್ಬಿಯ ಮೇಲೆ. ಸಿಲಬಸ್‌ನಲ್ಲಿ ಇಲ್ಲದಿದ್ದರೂ ಸರ್ ಅವತ್ತು 1952ರ ಹಾರ್ವಿಟ್ಜ್–ಥಾಂಪ್ಸನ್ ಸೂತ್ರವನ್ನು ಬೋರ್ಡ್ ತುಂಬಾ ಬರೆದರು. ‘ಸ್ಯಾಂಪಲ್‌ಗೆ ಸಿಗೋದು ಕಷ್ಟ ಅನ್ನೋರು ಸಿಕ್ಕಿದ್ರೆ ಅವರಿಗೆ ತೂಕ ಜಾಸ್ತಿ ಕೊಡ್ರಪ್ಪಾ!’ 2017ರಲ್ಲಿ ಯೊವಾಕಿಮ್ಸ್ ಮತ್ತು ಸಂಗಡಿಗರು ಕ್ಲಿಕ್‌ಗಳಿಗೆ ಹಚ್ಚಿದ್ದೂ ಇದೇ ಲೆಕ್ಕವನ್ನು. ಐದನೆಯ ಫಲಿತಾಂಶವನ್ನು ಐದರಲ್ಲಿ ಒಬ್ಬರು ಮಾತ್ರ ನೋಡುತ್ತಾರೆ ಅಂದುಕೊಳ್ಳಿ, ಅಲ್ಲಿ ಬಿದ್ದ ಒಂದು ಕ್ಲಿಕ್ಕನ್ನು ಐದು ಅಂತ ಎಣಿಸಬೇಕು. ಮಷಿನ್ ಲರ್ನಿಂಗ್ ಅಂತ ಓಡಿಬರುವವರು ಪೈಥಾನ್ ಪ್ರೋಗ್ರಾಮಿಂಗ್‌ಗಿಂತ ಮೊದಲು ಸ್ಯಾಂಪ್ಲಿಂಗ್ ಓದಲಿ ಅಂತ ನಾನು ಹೇಳುವುದು ಇದಕ್ಕೇ (ಕಂಪ್ಯೂಟರ್ ಸೈನ್ಸ್ ಮೇಡಂ ಬೇಜಾರು ಮಾಡಿಕೊಳ್ಳಬಾರದು).

ನಾನೀಗ ಒದ್ದಾಡುತ್ತಿರುವುದು ಆ ‘ಐದರಲ್ಲಿ ಒಬ್ಬರು’ ಅನ್ನುವುದನ್ನು ಅಳೆಯುವುದು ಹೇಗೆ ಅಂತ. ಫಲಿತಾಂಶಗಳನ್ನು ಸುಮ್ನೆ ಕಲಸಿ ತೋರಿಸಿದರೆ ಗೊತ್ತಾಗುತ್ತದೆ, ಆದರೆ ನೋಡುವವರು ಬೈದುಕೊಂಡು ಹೋಗುತ್ತಾರೆ, ಅಲ್ವಾ? ಫೋನ್‌ನ ಚಿಕ್ಕ ಪರದೆಯಲ್ಲಂತೂ ಲೆಕ್ಕವೇ ಬೇರೆ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರಿಗೆ ಯಾರಿಗಾದರೂ ಇದರಲ್ಲಿ ಆಸಕ್ತಿ ಇದ್ದರೆ ಮಾತಾಡೋಣ, ಸರ್ ಹತ್ತಿರ ನನ್ನ ನಂಬರ್ ಇದೆ.