ಹೆಣಿಗೆ ಕಲಿಕೆಯ ದಾಖಲೆ: ಯಾವ ಆಕರ ಯಾವ ಕೆಲಸಕ್ಕೆ ಒದಗಿತು

ಈ ದಾಖಲೆ ಬರೆಯುತ್ತಿರುವ ಹೊತ್ತಿಗೆ ನನ್ನ ಸ್ವೆಟರಿನ ಮೈಭಾಗ ಕೆಳ ಅಂಚಿನಿಂದ ಕಂಕುಳಿನವರೆಗೆ ಬಂದು ನಿಂತಿದೆ. ಒಂದು ತೋಳು ಪೂರ್ತಿಯಾಗಿದೆ. ಇನ್ನೊಂದು ಮಣಿಕಟ್ಟಿನ ರಿಬ್ (ಹಿಗ್ಗುವ ಗೆರೆಗೆರೆಯ ಪಟ್ಟಿ) ದಾಟಿ ಮೇಲೇರುತ್ತಿದೆ. ಯಾರೋ ಬರೆದಿಟ್ಟ ಪ್ಯಾಟರ್ನನ್ನು, ಅಂದರೆ ಉಡುಪು ಹೆಣೆಯುವ ಸೂಚನೆಗಳನ್ನು, ಸಾಲುಸಾಲಾಗಿ ಅನುಸರಿಸದೆ, ಮೈಯಳತೆಯನ್ನೂ ನನ್ನ ಕೈಯ ಬಿಗಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೆಣೆಯುತ್ತಿರುವ ಮೊದಲ ಉಡುಪು ಇದು. ಮಫ್ಲರ್, ಟೋಪಿ, ಲೇಸಿನ (ತೂತುಗಳಿಂದ ವಿನ್ಯಾಸ ಮೂಡುವ) ಶಾಲು ಎಂದು ಒಂದೊಂದೇ ಹಂತ ದಾಟಿ ಇಲ್ಲಿಗೆ ಬರಲು ನೆರವಾದ ಪುಸ್ತಕಗಳನ್ನೂ ವಿಡಿಯೊಗಳನ್ನೂ ಒಂದೆಡೆ ದಾಖಲಿಸುವುದು ಈ ಬರಹದ ಉದ್ದೇಶ.

ಹೆಣಿಗೆಗೆ ಆಕರಗಳ ಕೊರತೆ ಇಲ್ಲ. ಯಾವುದನ್ನು ಮೊದಲು ಹಿಡಿಯಬೇಕು ಎಂಬುದೇ ತೊಡಕು. ಕೆಲವು ಆಕರಗಳು ಒಂದು ವಸ್ತುವನ್ನು ನಮ್ಮ ಕೈಯಿಂದ ಮಾಡಿಸುತ್ತವೆ. ಕೆಲವು ಕಡ್ಡಿಯ ಮೇಲಿರುವುದು ಏನೆಂದು ನೋಡಲು ಕಲಿಸುತ್ತವೆ. ಹೊಸಬರು ಸಹಜವಾಗಿಯೇ ಮೊದಲನೆಯ ಬಗೆಯವನ್ನು ಹುಡುಕುತ್ತಾರೆ. ಎರಡನೆಯ ಬಗೆಯವನ್ನು ಆದಷ್ಟು ಬೇಗ ಹಿಡಿದರೆ ಮೊದಲನೆಯವೆಲ್ಲ ತಾವಾಗಿ ಸುಲಭವಾಗುತ್ತವೆ ಎಂಬುದು ನಾನು ಕಂಡುಕೊಂಡದ್ದು.

ಕೈಚಲನೆ ಕಲಿಯಲು ವಿಡಿಯೊಕ್ಕೆ ಸಮನಾದದ್ದು ಇಲ್ಲ. ಕುಣಿಕೆ ಏರಿಸುವ ಲಾಂಗ್ ಟೇಲ್ ವಿಧಾನದಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನೂಲು ಸುತ್ತಿ, ಕಡ್ಡಿಯ ತುದಿಯನ್ನು ಮೊದಲು ಒಂದರ ಕೆಳಗೆ, ಆಮೇಲೆ ಇನ್ನೊಂದರ ಮೇಲೆ ತೂರಿಸುವ ಚಲನೆಯನ್ನು ಚಿತ್ರ ನೋಡಿ ಗ್ರಹಿಸುವುದು ಕಷ್ಟ. ನಿಧಾನಗತಿಯಲ್ಲಿ ಓಡಿಸಿದ ವಿಡಿಯೊದಲ್ಲಿ ಅದು ಕೂಡಲೇ ತಿಳಿಯುತ್ತದೆ. ನೂಲನ್ನು ಬಲಗೈಯಲ್ಲಿ ಹಿಡಿಯುವ ಇಂಗ್ಲಿಷ್ ಶೈಲಿ, ಎಡಗೈಯಲ್ಲಿ ಹಿಡಿಯುವ ಕಾಂಟಿನೆಂಟಲ್ ಶೈಲಿ ಎರಡನ್ನೂ ನೋಡಿ, ಕೈಗೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ಹೊರಬರುವ ಬಟ್ಟೆ ಒಂದೇ. ಆದರೆ ವಿಡಿಯೊಗಳನ್ನು ಅಳೆಯಲು ನಾನು ಒಂದು ಗುರುತನ್ನು ಇಟ್ಟುಕೊಂಡಿದ್ದೇನೆ. ಕುಣಿಕೆಯೊಂದು ಮುಗಿದ ಮೇಲೆ ಕೈ ನಿಲ್ಲಿಸಿ, ಅದು ಕಡ್ಡಿಯ ಮೇಲೆ ಹೇಗೆ ಕುಳಿತಿದೆ ಎಂಬುದನ್ನು ಹತ್ತಿರದಿಂದ ತೋರಿಸುವವರು ಕಲಿಸುತ್ತಿದ್ದಾರೆ. ವೇಗವಾಗಿ ಹೆಣೆದು ಮುಗಿದ ಉಡುಪನ್ನು ಮಾತ್ರ ತೋರಿಸುವವರ ವಿಡಿಯೊ ನೋಡಲು ಚೆಂದ, ಕಲಿಯಲು ಸಾಲದು.

ಕುಣಿಕೆ ಹೇಗೆ ಕುಳಿತಿದೆ ಎಂಬುದಕ್ಕೆ ಇಷ್ಟು ಒತ್ತು ಏಕೆಂದರೆ, ಹೆಣಿಗೆಯ ಓದೆಲ್ಲ ಅಲ್ಲಿಂದಲೇ ಆರಂಭ. ಪ್ರತಿ ಕುಣಿಕೆಗೂ ಎರಡು ಕಾಲುಗಳಿವೆ. ಒಂದು ಕಡ್ಡಿಯ ಮುಂದೆ, ಇನ್ನೊಂದು ಹಿಂದೆ. ಹೆಚ್ಚು ಪ್ರಚಲಿತವಾದ ಪಾಶ್ಚಾತ್ಯ ಪದ್ಧತಿಯಲ್ಲಿ ಬಲಗಾಲು ಮುಂದಿರುತ್ತದೆ. ಕುಣಿಕೆಯೊಳಗಿಂದ ನೂಲನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ನಿಟ್, ಮುಂದಿನಿಂದ ಹಿಂದಕ್ಕೆ ಎಳೆದರೆ ಪರ್ಲ್. ಪರ್ಲ್ ಹೆಣೆಯುವಾಗ ನೂಲನ್ನು ಎಂದಿನದಕ್ಕೆ ವಿರುದ್ಧ ದಿಕ್ಕಿನಲ್ಲಿ ಕಡ್ಡಿಗೆ ಸುತ್ತಿದರೆ ಎಡಗಾಲು ಮುಂದೆ ಬರುತ್ತದೆ, ಮುಂದಿನ ಸಾಲಿನಲ್ಲಿ ಎಂದಿನಂತೆ ಮುಂದಿನಿಂದ ತೂರಿದರೆ ಆ ಕುಣಿಕೆ ತಿರುಚಿಕೊಳ್ಳುತ್ತದೆ. ಹಿಂದಿನ ಕಾಲಿನೊಳಗೆ ತೂರಿದರೆ ತಿರುಚುವುದಿಲ್ಲ. ಪ್ರಪಂಚದಲ್ಲಿ ಬಹಳ ಮಂದಿ ಹೀಗೆಯೇ ಹೆಣೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ನಿಟ್ ಕುಣಿಕೆ ಎದುರಿನಿಂದ ಇಂಗ್ಲಿಷಿನ ವಿ ಅಕ್ಷರದಂತೆ ಕಾಣುತ್ತದೆ, ಪರ್ಲ್ ಅಡ್ಡ ಉಬ್ಬಿನಂತೆ. ಎರಡೂ ಒಂದೇ ಕುಣಿಕೆಯ ಎರಡು ಮುಖಗಳು. ಇಷ್ಟು ಮನದಟ್ಟಾದ ಮೇಲೆ ಸಾಲಿನ ನಡುವೆ ಎಣಿಕೆ ಮರೆತರೂ ಬಟ್ಟೆಯನ್ನೇ ನೋಡಿ ಮುಂದುವರಿಯಬಹುದು.

ಈ ರಚನೆಯನ್ನು ತಾಳ್ಮೆಯಿಂದ ವಿವರಿಸುವ ಹಳೆಯ ಪುಸ್ತಕವೆಂದರೆ ಮೇರಿ ಥಾಮಸ್ 1938ರಲ್ಲಿ ಹೊರತಂದ ಹೆಣಿಗೆಯ ಪುಸ್ತಕ. ಅದರ ಛಾಯಾಚಿತ್ರಗಳಿಗಿಂತ ರೇಖಾಚಿತ್ರಗಳೇ ಹೆಚ್ಚು ಕಲಿಸುತ್ತವೆ, ಏಕೆಂದರೆ ನೂಲು ಯಾವುದರ ಮೇಲೆ, ಯಾವುದರ ಕೆಳಗೆ ಹಾಯುತ್ತದೆ ಎಂಬುದನ್ನು ಗೆರೆಯಲ್ಲಿ ಬಿಡಿಸಿ ತೋರಿಸಿದಷ್ಟು ಸ್ಪಷ್ಟವಾಗಿ ಕ್ಯಾಮೆರಾ ತೋರಿಸಲಾರದು. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಜೂನ್ ಹೆಮ್ಮನ್ಸ್ ಹಿಯಾಟ್ ಅವರ ಬೃಹತ್ ಗ್ರಂಥವಿದೆ. 1988ರಲ್ಲಿ ಮೊದಲು ಬಂದು, 2012ರಲ್ಲಿ ಪರಿಷ್ಕೃತವಾಗಿ ಮತ್ತೆ ಅಚ್ಚಾಯಿತು. ಅದನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಗತ್ಯವಿಲ್ಲ. ಅಂಚು ಏಕೆ ಸುರುಳಿಯಾಗುತ್ತದೆ, ರಿಬ್‌ನ ಕೊನೆಯ ಕುಣಿಕೆಗಳನ್ನು ಯಾವ ರೀತಿ ಮುಚ್ಚಿದರೆ ಹಿಗ್ಗುತ್ತದೆ ಎಂಬ ಪ್ರಶ್ನೆ ಎದ್ದಾಗ ಆ ಭಾಗವನ್ನಷ್ಟೇ ತೆರೆದು ಓದಿದರೆ ಸಾಕು. ಇಂಥ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ಮೊದಲು ನೋಡಿ, ಮೂರ್ನಾಲ್ಕು ಬಾರಿ ಮರಳಿ ಬೇಕೆನಿಸಿದರೆ ಮಾತ್ರ ಕೊಳ್ಳುವುದು ಒಳ್ಳೆಯದು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ವಿನ್ಯಾಸ ಕೋಶಗಳು. ಬಾರ್ಬರಾ ವಾಕರ್ 1968ರಲ್ಲಿ ಹೊರತಂದ ಮೊದಲ ಸಂಗ್ರಹದಲ್ಲಿ ಐನೂರಕ್ಕೂ ಹೆಚ್ಚು ವಿನ್ಯಾಸಗಳಿವೆ. 1970ರಲ್ಲಿ ಎರಡನೆಯ ಸಂಪುಟವೂ 1972ರಲ್ಲಿ ಚಾರ್ಟುಗಳ, ಅಂದರೆ ಚೌಕಗಳಲ್ಲಿ ಚಿಹ್ನೆ ತುಂಬಿದ ನಕ್ಷೆಗಳ, ಮೂಲಕ ವಿವರಿಸುವ ಮೂರನೆಯದೂ ಬಂದವು. ಅವುಗಳಲ್ಲಿ ಉಡುಪಿನ ಪ್ಯಾಟರ್ನ್ ಹುಡುಕಬಾರದು. ಇರುವುದು ಬಟ್ಟೆಯ ಮೇಲ್ಮೈಯ ವಿನ್ಯಾಸ ಮಾತ್ರ, ಅದನ್ನು ಎಲ್ಲಿ ಬಳಸಬೇಕೆಂಬುದು ಹೆಣೆಯುವವರಿಗೆ ಬಿಟ್ಟದ್ದು. ಅಂಗೈಯಗಲದ ತುಂಡುಗಳನ್ನು ಹೆಣೆಯುತ್ತಾ ಹೋಗುವುದೇ ಒಂದು ಹವ್ಯಾಸವಾಗಬಲ್ಲದು.

ನನ್ನ ಶಾಲಿಗೆ ಆರಿಸಿಕೊಂಡದ್ದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಅಲೆಯ ವಿನ್ಯಾಸ. ಓಲ್ಡ್ ಶೇಲ್ ಎಂದು ಅದರ ಹೆಸರು. ಹದಿನೆಂಟು ಕುಣಿಕೆಗಳ ಒಂದು ಘಟಕ, ನಾಲ್ಕು ಸಾಲುಗಳ ಆವರ್ತನೆ. ಮೊದಲ ಸಾಲು ನಿಟ್, ಎರಡನೆಯದು ಪರ್ಲ್, ನಾಲ್ಕನೆಯದು ಮತ್ತೆ ನಿಟ್. ವಿನ್ಯಾಸವೆಲ್ಲ ಮೂರನೆಯ ಸಾಲಿನಲ್ಲಿದೆ. ಅಲ್ಲಿ ಎರಡು ಕುಣಿಕೆಗಳನ್ನು ಒಂದಾಗಿ ಹೆಣೆಯುವುದನ್ನು ಮೂರು ಸಲ ಮಾಡಬೇಕು. ಆಮೇಲೆ ಕಡ್ಡಿಗೆ ನೂಲು ಸುತ್ತಿ ಒಂದು ನಿಟ್ ಹಾಕುವುದನ್ನು ಆರು ಸಲ. ಕೊನೆಗೆ ಎರಡನ್ನು ಒಂದಾಗಿಸುವುದು ಮತ್ತೆ ಮೂರು ಸಲ. ಆರು ಕುಣಿಕೆಗಳು ಇಳಿಯುತ್ತವೆ, ಆರು ಹೊಸದಾಗಿ ಹುಟ್ಟುತ್ತವೆ, ಒಟ್ಟು ಹದಿನೆಂಟೇ ಉಳಿಯುತ್ತದೆ. ಇಳಿಕೆಗಳು ಒಂದೆಡೆ, ಏರಿಕೆಗಳು ಇನ್ನೊಂದೆಡೆ ಗುಂಪಾಗಿರುವುದರಿಂದ ಸಾಲು ನೇರವಾಗಿ ನಿಲ್ಲಲಾರದೆ ಬಾಗುತ್ತದೆ. ಅಲೆ ಮೂಡುವುದು ಆ ಎಳೆತದಿಂದ. ಇದು ಅರ್ಥವಾದ ದಿನ ಲೇಸಿನ ಬಗೆಗಿದ್ದ ಅಂಜಿಕೆ ಹೋಯಿತು, ಏಕೆಂದರೆ ಯಾವುದೇ ಲೇಸಿನ ವಿನ್ಯಾಸದಲ್ಲಿಯೂ ಕೇಳಬೇಕಾದದ್ದು ಏರಿಕೆ ಎಲ್ಲಿ, ಇಳಿಕೆ ಎಲ್ಲಿ, ಇಳಿಕೆ ಎತ್ತ ವಾಲುತ್ತದೆ ಎಂಬಷ್ಟನ್ನೇ. ಎರಡನ್ನು ಸೇರಿಸಿ ನೇರವಾಗಿ ನಿಟ್ ಮಾಡಿದರೆ ಬಲಕ್ಕೆ ವಾಲುತ್ತದೆ. ಎರಡನ್ನೂ ಒಂದೊಂದಾಗಿ ಬಲಗಡ್ಡಿಗೆ ಜಾರಿಸಿ, ಹಿಂದಿನಿಂದ ಸೇರಿಸಿ ಹೆಣೆದರೆ ಎಡಕ್ಕೆ. ಆಗೊಮ್ಮೆ ಈಗೊಮ್ಮೆ ಒಂದು ಸಾಲಿನ ಎಲ್ಲ ಕುಣಿಕೆಗಳೊಳಗೆ ತೆಳುವಾದ ಬೇರೆ ಬಣ್ಣದ ದಾರವನ್ನು ಹಾಯಿಸಿಟ್ಟರೆ, ಬಿಚ್ಚಬೇಕಾಗಿ ಬಂದರೂ ಆ ಸಾಲಿನ ಕೆಳಗೆ ಏನೂ ಜಾರುವುದಿಲ್ಲ.

ಚಾರ್ಟ್ ಓದುವುದನ್ನು ಮುಂದೂಡುವವರು ಬಹಳ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ: ಆರಂಭದಲ್ಲಿಯೇ ಕಲಿಯಿರಿ. ಚಾರ್ಟನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು; ಎದುರು ಮುಖದ ಸಾಲು ಬಲದಿಂದ ಎಡಕ್ಕೆ, ಹಿಂಬದಿಯ ಸಾಲು ಎಡದಿಂದ ಬಲಕ್ಕೆ, ಸುತ್ತು ಹೆಣಿಗೆಯಾದರೆ (ತಿರುಗಿಸದೆ ಕೊಳವೆಯಂತೆ ಹೆಣೆಯುವುದು) ಎಲ್ಲ ಸುತ್ತುಗಳೂ ಬಲದಿಂದಲೇ. ಚೌಕದಲ್ಲಿ ಚಿತ್ರಿಸಿರುವುದು ಎದುರು ಮುಖದಲ್ಲಿ ಕಾಣಬೇಕಾದ ರೂಪ, ಆದುದರಿಂದ ಖಾಲಿ ಚೌಕಕ್ಕೆ ಎದುರು ಸಾಲಿನಲ್ಲಿ ನಿಟ್, ಹಿಂಬದಿ ಸಾಲಿನಲ್ಲಿ ಪರ್ಲ್. ಚಾರ್ಟ್ ಎಂದರೆ ಬಟ್ಟೆಯ ನಕ್ಷೆಯೇ ಆದ್ದರಿಂದ ಕೈಯಲ್ಲಿರುವ ತುಂಡನ್ನೂ ಕಾಗದವನ್ನೂ ಅಕ್ಕಪಕ್ಕ ಹಿಡಿದು ಹೋಲಿಸಬಹುದು. ಇಷ್ಟು ಕಲಿತವರಿಗೆ ಜಪಾನಿನ ಹೆಣಿಗೆ ಪುಸ್ತಕಗಳ ಬಾಗಿಲೂ ತೆರೆಯುತ್ತದೆ, ಏಕೆಂದರೆ ಅಲ್ಲಿ ಹೆಣಿಗೆಯ ಚಿಹ್ನೆಗಳಿಗೆ ರಾಷ್ಟ್ರೀಯ ಮಾನಕವೇ ಇದೆ. ಭಾಷೆ ಬಾರದವರೂ ಚಿಹ್ನೆಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಹೆಣೆಯಬಲ್ಲರು. ಹಿತೋಮಿ ಶಿದಾ ಅವರ ವಿನ್ಯಾಸ ಕೋಶ 2017ರಲ್ಲಿ ಇಂಗ್ಲಿಷಿಗೂ ಬಂದಿದೆ. ಅದರಲ್ಲಿನ ಕೇಬಲ್ (ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮಾಡುವ ಜಡೆಯಂಥ ವಿನ್ಯಾಸ) ಮತ್ತು ಲೇಸ್ ಬೆರೆತ ವಿನ್ಯಾಸಗಳು ಸುಲಭವಲ್ಲ, ಆದರೆ ಬಹಳ ಸುಂದರ.

ಅಳತೆಯ ವಿಷಯದಲ್ಲಿ ಆಕರಗಳನ್ನು ಎಚ್ಚರದಿಂದ ಬಳಸಬೇಕು. ಕಡ್ಡಿಯ ಸಂಖ್ಯೆ ದೇಶದಿಂದ ದೇಶಕ್ಕೆ ಬೇರೆ: ಹಳೆಯ ಬ್ರಿಟಿಷ್ ಪದ್ಧತಿಯ 8ನೇ ನಂಬರಿನ ಕಡ್ಡಿ 4 ಮಿಲಿಮೀಟರ್, ಅಮೆರಿಕದ 8 ಎಂದರೆ 5 ಮಿಲಿಮೀಟರ್. ಬ್ರಿಟಿಷ್ ಪದ್ಧತಿಯಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳ್ಳಗಾಗುತ್ತದೆ, ಅಮೆರಿಕದ್ದರಲ್ಲಿ ದಪ್ಪಗಾಗುತ್ತದೆ. ಆದ್ದರಿಂದ ಟಿಪ್ಪಣಿಯಲ್ಲಿ ಮಿಲಿಮೀಟರನ್ನು ಮಾತ್ರ ಬರೆಯುವುದು ಕ್ಷೇಮ. ನೂಲಿನ ದಪ್ಪಕ್ಕೆ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ 0ರಿಂದ 7ರವರೆಗೆ ವರ್ಗಗಳನ್ನು ಮಾಡಿದೆ. 3ನೆಯ ವರ್ಗದ ನೂಲಿಗೆ 3.75ರಿಂದ 4.5 ಮಿಲಿಮೀಟರ್ ಕಡ್ಡಿಯಲ್ಲಿ ನಾಲ್ಕು ಇಂಚಿಗೆ 21ರಿಂದ 24 ಕುಣಿಕೆ ಎಂಬ ಅಂದಾಜಿದೆ. ಅದು ಅಂದಾಜು ಮಾತ್ರ. ಪ್ಯಾಟರ್ನ್ 10 ಸೆಂಟಿಮೀಟರಿಗೆ 20 ಕುಣಿಕೆ ಕೇಳುವಾಗ ಹೆಣೆಯುವವರ ಕೈಯಲ್ಲಿ 22 ಬಂದರೆ, 200 ಕುಣಿಕೆಗಳ ಸುತ್ತು 100 ಸೆಂಟಿಮೀಟರ್ ಆಗುವ ಬದಲು 91ರ ಹತ್ತಿರ ನಿಲ್ಲುತ್ತದೆ. ಸ್ವೆಟರ್ ಒಂದು ಅಳತೆಯಷ್ಟು ಚಿಕ್ಕದಾಗುತ್ತದೆ. ಮಾದರಿ ತುಂಡನ್ನು ಹೆಣೆದು, ತೊಳೆದು, ಒಣಗಿಸಿದ ಮೇಲೆಯೇ ಅಳೆಯಬೇಕೆಂದು ಹೇಳುವ ಪುಸ್ತಕವನ್ನು ನಂಬಿ. ಸುತ್ತು ಹೆಣಿಗೆಗೆ ಮಾದರಿಯನ್ನೂ ಸುತ್ತಾಗಿಯೇ ಹೆಣೆಯಬೇಕು, ಏಕೆಂದರೆ ಬಹಳ ಮಂದಿಯ ಪರ್ಲ್ ಸಾಲು ನಿಟ್ ಸಾಲಿಗಿಂತ ಸಡಿಲ.

ಈಗಿನ ಸ್ವೆಟರಿಗೆ ಆಧಾರ ಎಲಿಜಬೆತ್ ಜಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿ, 1999ರಲ್ಲಿ ತೀರಿಕೊಂಡ ಈಕೆ ಪುಸ್ತಕಗಳ ಮೂಲಕವೂ ಟೆಲಿವಿಷನ್ ಪಾಠಗಳ ಮೂಲಕವೂ ಹೆಣೆಯುವವರು ತಾವೇ ಯೋಚಿಸಬೇಕೆಂದು ಜೀವನಪೂರ್ತಿ ಕಲಿಸಿದರು. ಅವರ ಶೇಕಡಾವಾರು ಪದ್ಧತಿ ಅತ್ಯಂತ ಸರಳ: ಎದೆಸುತ್ತಿನ ಕುಣಿಕೆಗಳನ್ನು ನೂರು ಎಂದು ಹಿಡಿದರೆ, ಮಣಿಕಟ್ಟಿಗೆ ಇಪ್ಪತ್ತು, ತೋಳಿನ ಮೇಲ್ಭಾಗಕ್ಕೆ ಮೂವತ್ತಮೂರರಿಂದ ಮೂವತ್ತೈದು, ಕಂಕುಳಿಗೆ ಎಂಟು, ಕತ್ತಿಗೆ ನಲವತ್ತು. ನನ್ನ ಗೇಜ್ (ನಿಗದಿತ ಅಗಲಕ್ಕೆ ಬರುವ ಕುಣಿಕೆಗಳ ಸಂಖ್ಯೆ) 10 ಸೆಂಟಿಮೀಟರಿಗೆ 20, ಬೇಕಾದ ಸುತ್ತಳತೆ 100 ಸೆಂಟಿಮೀಟರ್. ಹಾಗಾಗಿ ಮೈಗೆ 200, ಮಣಿಕಟ್ಟಿಗೆ 40, ತೋಳಿನ ಮೇಲ್ಭಾಗಕ್ಕೆ 66, ಪ್ರತಿ ಕಂಕುಳಿಗೆ 16, ಕತ್ತಿಗೆ ಸುಮಾರು 80. ಎರಡೂ ತೋಳು ಮುಗಿದ ಮೇಲೆ ಕಂಕುಳಿನ ಕುಣಿಕೆಗಳನ್ನು ಬೇರೆ ದಾರದಲ್ಲಿ ಕಾಯ್ದಿರಿಸಿ ಎಲ್ಲವನ್ನೂ ಒಂದೇ ಸರ್ಕ್ಯುಲರ್ ಕಡ್ಡಿಗೆ (ಎರಡು ತುದಿಗಳ ನಡುವೆ ಬಳುಕುವ ತಂತಿಯಿರುವ ಕಡ್ಡಿ) ಸೇರಿಸಿದಾಗ ಮೈಯಿಂದ 168, ಒಂದೊಂದು ತೋಳಿನಿಂದ 50, ಒಟ್ಟು 268 ಕುಣಿಕೆಗಳು ಬರುತ್ತವೆ. ಯೋಕಿನ, ಅಂದರೆ ಕಂಕುಳಿನಿಂದ ಕತ್ತಿನವರೆಗಿನ ಭಾಗದ, ಇಳಿಕೆಯನ್ನು ಮೂರೇ ಸುತ್ತುಗಳಲ್ಲಿ ಮಾಡುವುದು ಯೋಜನೆ. ಮೊದಲನೆಯದರಲ್ಲಿ ನಾಲ್ಕು ಕುಣಿಕೆ ಮೂರಾಗಿ 201, ಎರಡನೆಯದರಲ್ಲಿ ಮೂರು ಎರಡಾಗಿ 134, ಮೂರನೆಯದರಲ್ಲಿ ಕತ್ತಿನ ಅಳತೆಯ ಸಮೀಪಕ್ಕೆ. ಇಡೀ ಉಡುಪಿನ ಲೆಕ್ಕ ಒಂದು ಚೀಟಿಯಲ್ಲಿ ಹಿಡಿಯಿತು, ಬೇರೆ ನೂಲು ಬೇರೆ ಅಳತೆಗೂ ಅದೇ ಚೀಟಿ ಸಾಕು.

ಹಾಗೆಂದು ಸಿದ್ಧ ಪ್ಯಾಟರ್ನುಗಳು ಬೇಡವೆಂದಲ್ಲ. 2002ರಿಂದ ಬರುತ್ತಿರುವ ನಿಟ್ಟಿ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಉಚಿತವಾದ, ಚೆನ್ನಾಗಿ ಸಂಪಾದಿಸಿದ ಪ್ಯಾಟರ್ನುಗಳಿವೆ. 2007ರಲ್ಲಿ ಆರಂಭವಾದ ರಾವೆಲ್ರಿ ಎಂಬ ಹೆಣಿಗೆ ಜಾಲತಾಣದ ಭಂಡಾರದಲ್ಲಿ ನಮ್ಮ ಬಳಿ ಇರುವ ನೂಲಿನ ದಪ್ಪ, ಉದ್ದಗಳನ್ನು ಕೊಟ್ಟು ಹುಡುಕಬಹುದು. ಒಂದೇ ಪ್ಯಾಟರ್ನನ್ನು ಬೇರೆಬೇರೆ ಮೈಕಟ್ಟಿನವರು ಹೆಣೆದ ಚಿತ್ರಗಳನ್ನು ನೋಡುವುದೇ ಅದರ ದೊಡ್ಡ ಉಪಯೋಗ. ಪ್ಯಾಟರ್ನ್ ಉಚಿತವೋ ದುಡ್ಡಿನದೋ, ಅದರಲ್ಲಿ ಗೇಜ್, ಮುಗಿದ ಉಡುಪಿನ ನಿಜವಾದ ಅಳತೆ, ನೂಲಿನ ಉದ್ದ ಮೀಟರಿನಲ್ಲಿ, ಅಳತೆ ಗುರುತಿಸಿದ ರೇಖಾಚಿತ್ರ ಇವಿಷ್ಟು ಇವೆಯೇ ಎಂದು ಮೊದಲು ನೋಡುತ್ತೇನೆ. ಚಿಕ್ಕದು, ಮಧ್ಯಮ, ದೊಡ್ಡದು ಎಂದಷ್ಟೇ ಹೇಳುವ ಪ್ಯಾಟರ್ನನ್ನು ಎಷ್ಟೇ ಚೆಂದದ ಚಿತ್ರವಿದ್ದರೂ ಬಿಟ್ಟುಬಿಡುತ್ತೇನೆ.

ಓದಿನ ಸಂತೋಷಕ್ಕಾಗಿ ಇನ್ನೊಂದು ನಿಧಿಯನ್ನು ಹೇಳಲೇಬೇಕು. ಕೈಹೆಣಿಗೆಯ ಇತಿಹಾಸವನ್ನು 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಬಿಷಪ್ ರಿಚರ್ಡ್ ರಟ್ ಸಂಗ್ರಹಿಸಿದ್ದ ಹೆಣಿಗೆ ಗ್ರಂಥಗಳು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿವೆ. ಅವುಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಅನೇಕ ಕೈಪಿಡಿಗಳನ್ನು ಡಿಜಿಟಲ್ ರೂಪದಲ್ಲಿ ಯಾರು ಬೇಕಾದರೂ ಓದಬಹುದು. ಅವುಗಳಲ್ಲಿ ಗೇಜಿನ ಮಾತೇ ವಿರಳ. ಆದರೂ ಅಂಚುಪಟ್ಟಿಯ ವಿನ್ಯಾಸಗಳು ಇಂದಿಗೂ ಹಾಗೆಯೇ ಹೆಣೆಯಬಹುದಾದಷ್ಟು ಚೆನ್ನಾಗಿವೆ.

ಕೈಯಲ್ಲಿ ಎರಡು ಬಗೆಯ ಕೆಲಸ ಇದ್ದರೆ ಹೆಣಿಗೆಯ ಖುಷಿ ಕೆಡುವುದಿಲ್ಲ: ಎಣಿಕೆ ಬೇಡದ ಸುತ್ತು ಹೆಣಿಗೆ ಒಂದು, ಗಮನವೆಲ್ಲ ಬೇಡುವ ಲೇಸೋ ಕೇಬಲ್ಲೋ ಇನ್ನೊಂದು. ಮಾತಿನ ನಡುವೆ ಮೊದಲನೆಯದು, ಒಬ್ಬರೇ ಇರುವಾಗ ಎರಡನೆಯದು. ಜೊತೆ ಕೂತು ಹೆಣೆಯುವ ನಾಲ್ಕು ಜನ ಸಿಕ್ಕರಂತೂ ಅವರ ಕೈಗಳನ್ನು ನೋಡುವುದರಿಂದಲೇ ಎಷ್ಟೋ ಕಲಿಯಬಹುದು.

ಮುಂದಿನ ಹಂತದಲ್ಲಿ ಕತ್ತಿನ ಹಿಂಭಾಗವನ್ನು ಮುಂಭಾಗಕ್ಕಿಂತ ಎತ್ತರಿಸಲು ಅರ್ಧಸಾಲುಗಳನ್ನು (ಕೊನೆ ಮುಟ್ಟದೆ ನಡುವೆಯೇ ಹಿಂತಿರುಗುವ ಸಾಲುಗಳನ್ನು) ಹೆಣೆಯಬೇಕಿದೆ. ಕುಣಿಕೆಗೆ ನೂಲು ಸುತ್ತಿ ತಿರುಗುವ ವಿಧಾನ, ತಿರುಗಿದ ಕುಣಿಕೆಯನ್ನು ಎಳೆದು ಜೋಡಿಗಾಲು ಮಾಡುವ ಜರ್ಮನ್ ವಿಧಾನ ಎರಡನ್ನೂ ಒಂದೇ ನೂಲಿನಲ್ಲಿ, ಒಂದೇ ಕಡ್ಡಿಯಲ್ಲಿ ಮಾದರಿ ತುಂಡಾಗಿ ಹೆಣೆದು, ತೊಳೆದು, ಯಾವುದರಲ್ಲಿ ತಿರುವಿನ ಜಾಗ ಕಡಿಮೆ ಕಾಣುತ್ತದೆ ಎಂದು ನೋಡಿ ಯೋಕಿಗೆ ಅದನ್ನು ಬಳಸುತ್ತೇನೆ.