ಕುಕ್ಕರಹಳ್ಳಿಯಿಂದ ಕೊಕ್ಕರೆ ಬೆಳ್ಳೂರಿಗೆ, ಹೆಜ್ಜಾರ್ಲೆಯ ಹಿಂದೆ

"ಓಡಬೇಡ ಪುಟ್ಟ, ಸುಮ್ನೆ ನಿಂತ್ಕೋ. ಅದೇ ಬರುತ್ತೆ" ಅಂದರು ದೊಡ್ಡಪ್ಪ.

ಫೆಬ್ರವರಿಯ ಒಂದು ಶನಿವಾರ. ಬೆಳಿಗ್ಗೆ ಆರೂವರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾನು, ನನ್ನ ಹತ್ತು ವರ್ಷದ ಮಗ, ಸರಸ್ವತಿಪುರಂನ ನಮ್ಮ ದೊಡ್ಡಪ್ಪ. ಅವರು ಈ ಕೆರೆ ಸುತ್ತಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ನೀರಿನ ಮೇಲೆ ಇನ್ನೂ ತೆಳುವಾಗಿ ಮಂಜಿತ್ತು. ಆ ಮಂಜಿನೊಳಗಿಂದ ಒಂದು ದೊಡ್ಡ ಬೂದು ಹಕ್ಕಿ ತೀರಾ ಕೆಳಗೆ, ರೆಕ್ಕೆ ಬಡಿಯದೆ ತೇಲುತ್ತಾ ಬಂತು, ಕಾಲು ಮುಂದೆ ಚಾಚಿ ನೀರನ್ನು ಸೀಳಿಕೊಂಡು ಜಾರಿ ನಿಂತಿತು. ಮಗ ಬಾಯಿ ತೆರೆದವನು ಮುಚ್ಚಲೇ ಇಲ್ಲ.

ಅದೇ ಹೆಜ್ಜಾರ್ಲೆ. ಇಂಗ್ಲಿಷಿನಲ್ಲಿ ಸ್ಪಾಟ್ ಬಿಲ್ಡ್ ಪೆಲಿಕನ್ ಅನ್ನುತ್ತಾರೆ. ಮೇಲಿನ ಕೊಕ್ಕಿನ ಅಂಚಿನ ಉದ್ದಕ್ಕೂ ನೀಲಿ ಬಣ್ಣದ ಚುಕ್ಕೆಗಳು ಸಾಲಾಗಿ ಇರುತ್ತವೆ, ಅದಕ್ಕೇ ಆ ಹೆಸರು. ರೆಕ್ಕೆ ಪೂರ್ತಿ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ ಸುಮಾರು ಎಂಟು ಅಡಿ, ತೂಕ ಐದು ಕೆಜಿ ಆಸುಪಾಸು. ಇಷ್ಟು ದೊಡ್ಡ ಕಾಡು ಹಕ್ಕಿ ಒಂದು ನಗರದ ನಡುವೆ, ಸ್ಕೂಟರ್ ಹಾರ್ನ್ ಕೇಳುವಷ್ಟು ಹತ್ತಿರ, ತನ್ನ ಪಾಡಿಗೆ ತಾನು ಬದುಕುತ್ತಿದೆ ಅನ್ನುವುದೇ ನನಗೆ ದೊಡ್ಡ ವಿಷಯ.

ನಾವು ಬೆಂಗಳೂರಿನಿಂದ ಹೊರಟಿದ್ದಕ್ಕೂ ಒಂದು ಕಾರಣ ಇತ್ತು. ನಮ್ಮ ಬಡಾವಣೆಯ ಕೆರೆಯನ್ನು ಎರಡು ವರ್ಷದ ಹಿಂದೆ ಅಭಿವೃದ್ಧಿ ಮಾಡಿದರು. ಹೂಳು ತೆಗೆದರು, ಸುತ್ತ ಕಲ್ಲು ಕಟ್ಟಿದರು, ದೀಪ ಹಾಕಿದರು. ಈಗ ನೀರು ತುಂಬಿ ನಿಂತಿದೆ. ಆದರೆ ಮೊದಲು ಬರುತ್ತಿದ್ದ ಕೊಕ್ಕರೆ, ಟಿಟ್ಟಿಭ ಒಂದೂ ಇಲ್ಲ. "ನೀರು ಇದೆಯಲ್ಲಮ್ಮ, ಹಕ್ಕಿ ಯಾಕೆ ಬರಲ್ಲ?" ಅಂತ ಮಗ ಕೇಳಿದ್ದ. ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಬನ್ನಿ, ತೋರಿಸ್ತೀನಿ" ಅಂದರು. ಶುಕ್ರವಾರ ಸಂಜೆ ರೈಲು ಹತ್ತಿದೆವು.

ಕುಕ್ಕರಹಳ್ಳಿ ಕೆರೆ ಹಳೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲು ಕಟ್ಟಿಸಿದ್ದು. ಊರು ಬೆಳೆದು ಕೆರೆಯನ್ನು ಸುತ್ತುವರಿದಿದೆ. ಈಗ ಒಂದು ಪಕ್ಕ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಉಳಿದ ಕಡೆ ಬಡಾವಣೆಗಳು, ರಸ್ತೆ. ನಡುವೆ ಎಷ್ಟೋ ವರ್ಷ ಕೊಳಚೆ ನೀರು ಬಂದು ಸೇರುತ್ತಿತ್ತು. ಆಗ ವಾಸನೆಗೆ ಮೂಗು ಮುಚ್ಚಿಕೊಂಡು ನಡೆದದ್ದೂ ಇದೆ ಅಂತ ದೊಡ್ಡಪ್ಪ ನೆನಪು ಮಾಡಿಕೊಂಡರು.

ನಡೆಯುತ್ತಾ ನಡೆಯುತ್ತಾ ಅವರು ಒಂದೊಂದೇ ತೋರಿಸಿದರು. ಕೆರೆಯ ಒಳಗೆ ಒಂದು ನಡುಗಡ್ಡೆ, ಅದರ ಮೇಲೆ ಮರಗಳು, ಮರದ ನೆತ್ತಿಯಲ್ಲಿ ಕಡ್ಡಿ ಗೂಡುಗಳು. ಗೂಡಿನ ಅಂಚಿನಲ್ಲಿ ಬಿಳಿ ತುಪ್ಪಳದ ಮರಿಗಳು. ಸುತ್ತ ನೀರು ಇರುವುದರಿಂದ ನಾಯಿ, ಬೆಕ್ಕು, ಜನ ಯಾರೂ ಅಲ್ಲಿಗೆ ಸುಲಭವಾಗಿ ಹೋಗುವಂತಿಲ್ಲ. ಹೆಜ್ಜಾರ್ಲೆ ನೆಲದ ಮೇಲೆ ಗೂಡು ಕಟ್ಟುವುದಿಲ್ಲ, ಗಟ್ಟಿ ಮರವೇ ಬೇಕು. ಅದೂ ಒಂಟಿಯಾಗಿ ಅಲ್ಲ, ಒಂದೇ ಮರದಲ್ಲಿ ಎಷ್ಟೋ ಸಂಸಾರ. ಮೂರು ನಾಲ್ಕು ಮೊಟ್ಟೆ, ಕಾವಿಗೆ ಒಂದು ತಿಂಗಳು, ಆಮೇಲೆ ಮರಿ ಹಾರುವ ತನಕ ಇನ್ನೂ ಮೂರು ನಾಲ್ಕು ತಿಂಗಳು. ಗಂಡು ಹೆಣ್ಣು ಎರಡೂ ಮೀನು ತರುತ್ತವೆ. ಮರಿ ತಲೆಯನ್ನೇ ಅಪ್ಪ ಅಮ್ಮನ ಗಂಟಲೊಳಗೆ ತೂರಿಸಿ ತಿನ್ನುತ್ತದೆ. ಮೊದಲ ಸಲ ನೋಡಿದ ಮಗ "ಅಯ್ಯೋ, ಮರೀನ ನುಂಗ್ತಾ ಇದೆ!" ಅಂತ ಕಿರುಚಿದ.

ಅಂದರೆ ಅರ್ಧ ವರ್ಷ ಆ ಮರ ಅಲುಗಬಾರದು, ಆ ಕೆರೆ ಮತ್ತು ಸುತ್ತಲಿನ ಕೆರೆಗಳಲ್ಲಿ ಮೀನು ಇರಬೇಕು, ಪಕ್ಕದಲ್ಲಿ ಪಟಾಕಿ, ಮೈಕು, ದೋಣಿ ಗಲಾಟೆ ಇರಬಾರದು. ನೀರು ಒಂದಿದ್ದರೆ ಸಾಕು ಅಂದುಕೊಂಡಿದ್ದೆ ನಾನು.

ಇನ್ನೊಂದು ವಿಷಯ ನನಗೆ ಅಲ್ಲೇ ಹೊಳೆದದ್ದು. ಕೆರೆಯ ಒಂದು ಬದಿಯಲ್ಲಿ ದಡ ಅಂತ ಗೆರೆ ಎಳೆದ ಹಾಗೆ ಇಲ್ಲ. ನೀರು, ಕೆಸರು, ಜೊಂಡು, ಹುಲ್ಲು ಎಲ್ಲಾ ಒಂದರೊಳಗೊಂದು ಬೆರೆತಿದೆ. ಅಲ್ಲಿ ಮೊಣಕಾಲುದ್ದದ ನೀರಿನಲ್ಲಿ ಬಣ್ಣದ ಕೊಕ್ಕರೆಗಳು ನಿಂತಿದ್ದವು. ಕೊಕ್ಕನ್ನು ಅರ್ಧ ತೆರೆದು ನೀರೊಳಗೆ ಇಳಿಸಿ, ಆ ಕಡೆ ಈ ಕಡೆ ಆಡಿಸುತ್ತಾ, ಕಾಲಿನಿಂದ ಕೆಸರು ಕೆದಕುತ್ತಾ ಮುಂದೆ ಹೋಗುತ್ತವೆ. ಮೀನು ಕಣ್ಣಿಗೆ ಕಾಣಲೇಬೇಕು ಅಂತಿಲ್ಲ, ಕೊಕ್ಕಿಗೆ ತಾಗಿದರೆ ಸಾಕು, ಟಪಕ್ಕನೆ ಮುಚ್ಚಿಕೊಳ್ಳುತ್ತದೆ. ಹೆಜ್ಜಾರ್ಲೆಯದ್ದು ಬೇರೆ ಪದ್ಧತಿ. ಅದು ಆಳದ ನೀರಿನಲ್ಲಿ ಈಜುತ್ತಾ ಕೊಕ್ಕಿನ ಕೆಳಗಿನ ಚೀಲವನ್ನು ಬಲೆಯ ಹಾಗೆ ಬೀಸುತ್ತದೆ, ನೀರು ಮೀನು ಎರಡನ್ನೂ ಬಾಚಿ, ಕೊಕ್ಕನ್ನು ಎದೆಗೆ ಒತ್ತಿ ನೀರು ಬಸಿದು, ತಲೆ ಎತ್ತಿ ನುಂಗುತ್ತದೆ. ಒಂದಕ್ಕೆ ಆಳ ಬೇಕು, ಇನ್ನೊಂದಕ್ಕೆ ತೆಳು ನೀರು ಬೇಕು. ಜೊಂಡಿನೊಳಗೆ ಓಡಾಡುತ್ತಿದ್ದ ನೇರಳೆ ಜಂಬುಕೋಳಿಗೆ ಆ ಜೊಂಡೇ ಮನೆ.

ನಮ್ಮ ಕೆರೆಯನ್ನು ಬಟ್ಟಲಿನ ಹಾಗೆ ತೋಡಿದ್ದಾರೆ. ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳುದ್ದ ನೀರು. ಕೊಕ್ಕರೆ ಎಲ್ಲಿ ನಿಲ್ಲಬೇಕು? ಮಗನಿಗೆ ಉತ್ತರ ಸಿಕ್ಕಿತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು, ಯಾಕೆಂದರೆ ಆ ಕೆಲಸ ನಡೆಯುವಾಗ ಚೆನ್ನಾಗಿ ಆಗುತ್ತಿದೆ ಅಂತ ನಾನೂ ಖುಷಿಪಟ್ಟಿದ್ದೆ.

ಮಧ್ಯಾಹ್ನ ಕಾರಂಜಿ ಕೆರೆಗೆ ಹೋದೆವು. ಅದು ಮೃಗಾಲಯದ ಪಕ್ಕದಲ್ಲೇ ಇದೆ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ದೋಣಿ, ಚಿಟ್ಟೆ ಉದ್ಯಾನ, ಒಳಗೆ ನಡೆದು ಹೋಗುವ ದೊಡ್ಡ ಪಕ್ಷಿ ಪಂಜರ ಎಲ್ಲಾ ಇದೆ. ಶನಿವಾರ ಆದ್ದರಿಂದ ಜನ ಜಾಸ್ತಿ. ನಾವು ವೀಕ್ಷಣಾ ಗೋಪುರ ಹತ್ತಿ ಕೂತೆವು. ದೂರದ ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆ, ನೀರುಕಾಗೆ, ಹಾವಕ್ಕಿ. ಹಿಂದೆ ಚಾಮುಂಡಿ ಬೆಟ್ಟ.

ಅಲ್ಲಿ ಕೂತಾಗ ದೊಡ್ಡಪ್ಪ ಆಕಾಶದ ಕಡೆ ಕೈ ತೋರಿಸಿದರು. ತುಂಬಾ ಮೇಲೆ ಹತ್ತು ಹನ್ನೆರಡು ಹೆಜ್ಜಾರ್ಲೆಗಳು ವೃತ್ತಾಕಾರ ಸುತ್ತುತ್ತಿದ್ದವು. ಭಾರದ ಹಕ್ಕಿ, ರೆಕ್ಕೆ ಬಡಿದುಕೊಂಡೇ ದೂರ ಹೋಗುವುದು ಕಷ್ಟ. ಬಿಸಿಲೇರಿ ನೆಲದಿಂದ ಬಿಸಿ ಗಾಳಿ ಮೇಲೇಳುವ ತನಕ ಕಾಯುತ್ತವೆ. ಆ ಗಾಳಿಯ ಮೇಲೆ ಸುತ್ತುತ್ತಾ ಎತ್ತರಕ್ಕೆ ಏರಿ, ಆಮೇಲೆ ಬೇಕಾದ ಕಡೆಗೆ ಜಾರುತ್ತಾ ಹೋಗಿಬಿಡುತ್ತವೆ. ಹೀಗೆ ಹಾರುವ ಹಕ್ಕಿಗೆ ಒಂದು ಕೆರೆ ಎನ್ನುವುದು ಒಂದು ಊರಲ್ಲ, ಊರಿನ ಒಂದು ಕೋಣೆ ಅಷ್ಟೇ. ಹತ್ತಿರದಲ್ಲೇ ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟು ಇದೆ, ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮ ಆದದ್ದು. ಅಲ್ಲೂ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಈ ಕಡೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ನಗರದ ಕೆರೆ ಕೆಟ್ಟರೂ, ಹಳ್ಳಿಯ ಕೆರೆ ಒಣಗಿದರೂ ನೋವು ಅದೇ ಹಕ್ಕಿಗೆ.

ಹಾಗಾಗಿ ಭಾನುವಾರ ವಾಪಸ್ ಬರುವಾಗ ರೈಲು ಬಿಟ್ಟು ಅಣ್ಣನ ಕಾರಿನಲ್ಲಿ ಹೊರಟೆವು. ಮದ್ದೂರು ದಾಟಿ ರುದ್ರಾಕ್ಷಿಪುರದ ಹತ್ತಿರ ತಿರುಗಿ ಹನ್ನೆರಡು ಕಿಲೋಮೀಟರ್. ಕಬ್ಬಿನ ಗದ್ದೆ, ತೆಂಗು, ಎತ್ತಿನ ಗಾಡಿ. ಊರು ಬರುವ ಮೊದಲೇ ವಾಸನೆ ಬರುತ್ತದೆ, ಮೀನಿನದ್ದು, ಹಿಕ್ಕೆಯದ್ದು.

ಕೊಕ್ಕರೆ ಬೆಳ್ಳೂರಿನಲ್ಲಿ ಬೇಲಿ ಇಲ್ಲ, ಗೇಟ್ ಇಲ್ಲ. ಮನೆಗಳ ನಡುವೆ ಹುಣಸೆ ಮರ, ಆಲ, ಅರಳಿ. ಮರದ ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ, ಕೆಳಗೆ ಎಮ್ಮೆ ಕಟ್ಟಿದ್ದಾರೆ, ಮಕ್ಕಳು ಗೋಲಿ ಆಡುತ್ತಿದ್ದಾರೆ. ಜಗಲಿ ಮೇಲೆ ಹುರುಳಿ ಹಸನು ಮಾಡುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ಕರೆದು ಕೂರಿಸಿದರು. ಇಷ್ಟು ಗಲೀಜಾದರೂ ಬೇಜಾರಾಗಲ್ವಾ ಅಜ್ಜಿ ಅಂತ ಕೇಳಿದೆ.

"ಬಾಣ್ತನಕ್ಕೆ ತವರಿಗೆ ಬಂದ ಹೆಣ್ಮಕ್ಳು ಕಣವ್ವ ಇವು. ಗಲೀಜು ಅಂತ ಆಚೆ ಕಳಿಸಕ್ಕಾಯ್ತದಾ?"

ಈ ಮಾತನ್ನು ಈ ಊರಿನ ಬಗ್ಗೆ ಮೊದಲೂ ಕೇಳಿದ್ದೆ. ಎದುರು ಕೂತು ಕೇಳಿದಾಗ ಗಂಟಲು ಕಟ್ಟಿತು. ಹಿಂದೆ ಊರು ಶಿಂಷಾ ನದಿ ದಡದಲ್ಲಿ ಇತ್ತಂತೆ. ಪ್ಲೇಗು ಬಂದಾಗ ಜನ ಇಲ್ಲಿಗೆ ಬಂದು ಮನೆ ಕಟ್ಟಿಕೊಂಡರು, ಹಕ್ಕಿಗಳೂ ಹಿಂದೆಯೇ ಬಂದವು ಅಂತ ಅಜ್ಜಿ ಹೇಳಿದರು. ಹಿಕ್ಕೆಯನ್ನು ಮಣ್ಣಿನ ಸಮೇತ ಗುಡಿಸಿ ಹೊಲಕ್ಕೆ ಗೊಬ್ಬರ ಹಾಕುತ್ತಾರೆ. ಮರದ ಹುಣಸೆಹಣ್ಣು ಮಾತ್ರ ಬಡಿಯುವ ಹಾಗಿಲ್ಲ, ಅದು ಗೂಡಿನ ಕಾಲ. "ನಾವು ಹುಣಸೆಹಣ್ಣು ಅಂಗ್ಡಿಯಿಂದ ತತ್ತೀವಿ" ಅಂದರು ಅಜ್ಜಿ, ಹಿತ್ತಲಲ್ಲಿ ಎರಡು ದೊಡ್ಡ ಹುಣಸೆ ಮರ ಇಟ್ಟುಕೊಂಡು! ಸರ್ಕಾರ ಮರಕ್ಕೆ ಪರಿಹಾರ ಕೊಡುತ್ತದೆ, ಆದರೆ ಅದರಿಂದ ಆ ನಷ್ಟ ತುಂಬುತ್ತದೆ ಅಂತ ನನಗೆ ಅನ್ನಿಸಲಿಲ್ಲ.

2007ರಲ್ಲಿ ಈ ಜಾಗವನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅದಕ್ಕೂ ಮೊದಲೇ, 1990ರ ದಶಕದಲ್ಲೇ, ಊರಿನ ಯುವಕರ ಹೆಜ್ಜಾರ್ಲೆ ಬಳಗ ಹುಟ್ಟಿತ್ತು. ಗಾಳಿಗೆ ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ತಿನ್ನಿಸಿ, ಹಾರುವಷ್ಟು ದೊಡ್ಡದಾದ ಮೇಲೆ ಬಿಡುತ್ತಾರೆ. ಗೂಡಿನಿಂದ ಬಿದ್ದ ಮರಿಯನ್ನು ತಾಯಿ ಕೆಳಗೆ ಬಂದು ಸಾಕುವುದಿಲ್ಲ, ಹಾಗಾಗಿ ಆ ಕೈ ಇಲ್ಲದಿದ್ದರೆ ಮರಿ ಇಲ್ಲ.

ಹಾಗಂತ ಎಲ್ಲಾ ಸರಿ ಇದೆ ಅಂತ ಹೇಳಲಾರೆ. ಮಳೆ ಕೈಕೊಟ್ಟ ವರ್ಷ ಶಿಂಷೆ ಸೊರಗುತ್ತದೆ, ಸುತ್ತಲ ಕೆರೆಗಳಲ್ಲಿ ಮೀನಿರುವುದಿಲ್ಲ. ಹಳೆಯ ಮರಗಳು ಬೀಳುತ್ತವೆ, ಹೊಸ ಸಸಿ ಗೂಡು ಹೊರುವಷ್ಟು ಆಗಲು ದಶಕಗಳು ಬೇಕು. ಊರಿನ ಸಂಸಾರಗಳೂ ಬೆಳೆಯುತ್ತಿವೆ, ಎಲ್ಲರಿಗೂ ಮನೆ ಬೇಕಲ್ವಾ?

ಅಜ್ಜಿಯ ಮೊಮ್ಮಗ ಹಿತ್ತಲಲ್ಲಿ ಹೊಸ ಮನೆಗೆ ಪಾಯ ತೆಗೆಸುತ್ತಿದ್ದ. ಗುಂಡಿ ನೇರವಾಗಿ ಬಂದು ಹುಣಸೆ ಮರದ ಹತ್ತಿರ ಒಳಕ್ಕೆ ಸೊಟ್ಟಗೆ ತಿರುಗಿತ್ತು. ಯಾಕೆ ಅಂತ ಕೇಳಿದೆ. "ಬೇರು ಕಡುದ್ರೆ ಮರ ನಿಲ್ಲಲ್ಲ ಅಕ್ಕ. ಒಂದು ರೂಮು ಚಿಕ್ಕದಾಯ್ತದೆ, ಆಗ್ಲಿ ಬುಡಿ" ಅಂದ. ನನ್ನ ಮಗ ಮರದ ಬುಡದಿಂದ ಪಾಯದ ಅಂಚಿನ ತನಕ ಹೆಜ್ಜೆ ಹಾಕಿ ಅಳೆದ. ಒಂಬತ್ತು ಹೆಜ್ಜೆ ಇತ್ತು. ಮೇಲೆ ಗೂಡಿನಲ್ಲಿ ಎರಡು ಮರಿ, ಕತ್ತು ಚಾಚಿ ಅವನನ್ನೇ ನೋಡುತ್ತಿದ್ದವು.